ಡ್ಯಾಂಡೆಲಿಯನ್ ಬೇರಿನ ಕಾಫಿ: ಎರಡು ಸಲ ಕೆಡಿಸಿದ್ಮೇಲೆ ಸಿಕ್ಕ ಹದ

ಮೊದ್ಲೇ ಹೇಳ್ಬಿಡ್ತೀನಿ, ಇದು ಕಾಫಿ ಅಲ್ಲ, ಡ್ಯಾಂಡೆಲಿಯನ್ ಅನ್ನೋ ಹಳದಿ ಹೂವಿನ ಕಳೆಗಿಡದ ಬೇರನ್ನ ಹುರಿದು, ಪುಡಿ ಮಾಡಿ, ಕುದಿಸಿ ಕುಡಿಯೋದು. ಕಾಫಿ ಥರಾನೇ ಇರುತ್ತೆ ಅಂತ ಯಾರೋ ಹೇಳಿದ್ದನ್ನ ನಂಬ್ಕೊಂಡು ಶುರು ಮಾಡಿ, ಮೊದಲ ಗುಟುಕಿಗೇ ಮುಖ ಕಿವುಚಿದೋಳು ನಾನು. ಆದ್ರೆ ಈಗ ಸಂಜೆ ಹೊತ್ತಿಗೆ ಅದೇ ಬೇಕು ಅನ್ಸುತ್ತೆ. ನಡುವೆ ಏನೇನಾಯ್ತು ಅಂತ ಬರೀತೀನಿ, ನೀವು ಮಾಡೋದಾದ್ರೆ ನನ್ನ ತಪ್ಪುಗಳಾದ್ರೂ ತಪ್ಪಲಿ.

ದಿನಕ್ಕೆ ನಾಲ್ಕು ಕಾಫಿ ಕುಡೀತಿದ್ದೆ, ಕೊನೇದು ಸಂಜೆ 5ಕ್ಕೆ. ರಾತ್ರಿ ನಿದ್ದೆ ಬರಲ್ಲ ಬರಲ್ಲ ಅಂತ ಎಲ್ಲದರ ಮೇಲೂ ತಪ್ಪು ಹೊರಿಸಿದ್ದೆ, ದಿಂಬು, ಮೊಬೈಲು, ಸೆಖೆ, ಕಾಫಿ ಒಂದನ್ನ ಬಿಟ್ಟು. ಕೆಫೀನ್ ಮೈಯಿಂದ ಅರ್ಧ ಇಳಿಯೋಕೆ ಹೆಚ್ಚುಕಮ್ಮಿ 5 ಗಂಟೆ ಬೇಕಂತೆ, ಅಂದ್ರೆ 5ಕ್ಕೆ ಕುಡಿದಿದ್ದು 10ಕ್ಕೆ ಅರ್ಧ ಉಳ್ಕೊಂಡಿರುತ್ತೆ, ಬೆಳಗಿನ ಜಾವ 3ಕ್ಕೂ ಕಾಲುಭಾಗ ಅಲ್ಲೇ ಇರುತ್ತೆ. ಇದು ಗೊತ್ತಾದ ದಿನಾನೇ ಹಠ ಹಿಡಿದು ನಾಲ್ಕನ್ನೂ ಒಟ್ಟಿಗೆ ಬಿಟ್ಟೆ. ಹಾಗೆ ಮಾತ್ರ ಮಾಡ್ಬೇಡಿ ದಯವಿಟ್ಟು. ಎರಡನೇ ದಿನ ಹಣೆ ಎರಡೂ ಕಡೆ ಯಾರೋ ಒತ್ತಿ ಹಿಡಿದ ಹಾಗೆ ತಲೆನೋವು, ಅದು ಪೂರ್ತಿ ಹೋಗೋಕೆ ವಾರ ಹಿಡೀತು. ಆಮೇಲೆ ಬುದ್ಧಿ ಬಂದು ಬೆಳಗ್ಗೆ ಒಂದು ಇಟ್ಕೊಂಡು ಉಳಿದಿದ್ದು ಬಿಟ್ಟೆ.

ತಲೆನೋವೇನೋ ಹೋಯ್ತು, ಸಂಜೆ ಕೈ ಖಾಲಿ ಖಾಲಿ. ಗಿಡಮೂಲಿಕೆ ಟೀ ಎಲ್ಲಾ ಕುಡಿದು ನೋಡ್ದೆ, ಬಿಸಿನೀರಿಗೆ ಒಂಚೂರು ಪರಿಮಳ ಸೋಕಿಸಿದ ಹಾಗಿರುತ್ತೆ ಅಷ್ಟೆ. ನಂಗೆ ಬೇಕಾಗಿದ್ದು ಕಪ್ಪಗೆ, ಕಹಿಯಾಗಿ, ನಾಲಿಗೆ ಮೇಲೆ ಸ್ವಲ್ಪ ಭಾರವಾಗಿ ಕೂರೋ ಅಂಥದ್ದು, ಮತ್ತೆ ಆ ಹುರಿದ ವಾಸನೆ. ಆ ವಾಸನೆ ಕೆಫೀನ್‌ದಲ್ಲ, ಹುರಿಯೋದರದ್ದು. ಸಕ್ಕರೆ ಅಂಶ ಇರೋ ಬೇರನ್ನ ಹುರಿದ್ರೂ ಕಂದಾಗುತ್ತೆ, ಘಮ ಬರುತ್ತೆ. ಚಿಕೋರಿ ಕೂಡ ಹೀಗೇ ಹುರಿದ ಬೇರು ತಾನೆ, ಡ್ಯಾಂಡೆಲಿಯನ್ ಅದರದ್ದೇ ಕುಟುಂಬ, ಸೂರ್ಯಕಾಂತಿ ಕುಟುಂಬ. ಎರಡನೇ ಮಹಾಯುದ್ಧದ ಕಾಲದಲ್ಲಿ ಯುರೋಪಿನಲ್ಲಿ ಕಾಫಿಬೀಜ ಸಿಗದೇ ಹೋದಾಗ ಜನ ಚಿಕೋರಿ, ಬಾರ್ಲಿ, ಓಕ್ ಕಾಯಿ, ಈ ಬೇರು ಅಂತ ಏನು ಸಿಕ್ತೋ ಅದನ್ನೇ ಹುರಿದು ಕುದಿಸಿ ಕುಡಿದಿದಾರೆ. ಅವರಿಗೆ ಬೇರೆ ದಾರಿ ಇರ್ಲಿಲ್ಲ, ನಂಗೆ ನಿದ್ದೆ ಇರ್ಲಿಲ್ಲ.

ಗಿಡ ಗುರುತಿಸೋದ್ರಲ್ಲಿ ಎಡವೋದು ಸುಲಭ, ಹಳದಿ ಹೂವು ಇದ್ದ ಮಾತ್ರಕ್ಕೆ ಡ್ಯಾಂಡೆಲಿಯನ್ ಅಲ್ಲ. ನಾನು ನೋಡೋದು ಹೂವಿನ ದಂಟು: ಒಳಗೆ ಟೊಳ್ಳು, ಕವಲಿಲ್ಲ, ಎಲೆ ಇಲ್ಲ, ಒಂದು ದಂಟಿಗೆ ಒಂದೇ ಹೂವು, ಮುರಿದ್ರೆ ಬಿಳಿ ಹಾಲು ಒಸರುತ್ತೆ. ಎಲೆ ನೆಲಕ್ಕೆ ಅಂಟಿಕೊಂಡ ಹಾಗೆ ಸುತ್ತ ಹರಡಿರುತ್ತೆ, ಅಂಚು ಗರಗಸದ ಥರ, ನುಣುಪು. ದಂಟು ಕವಲೊಡೆದಿದ್ರೆ, ಎಲೆ ಮೇಲೆ ಒರಟು ರೋಮ ತುಂಬಿದ್ರೆ ಅದು ಬೇರೆ ಗಿಡ, ಬಿಟ್ಬಿಡಿ. ಹಾಲು ಬಂತು ಅಂತ ಅದೊಂದನ್ನೇ ನಂಬಬೇಡಿ, ಹಾಲಿರೋ ಗಿಡಗಳು ಬೇಕಾದಷ್ಟಿವೆ, ವಿಷದವೂ ಸೇರಿ. ರಸ್ತೆ ಬದಿದು, ಕಳೆನಾಶಕ ಹೊಡೆದಿರೋ ಹುಲ್ಲಿಂದು, ನಾಯಿ ಓಡಾಡೋ ಜಾಗದ್ದು ಯಾವುದೂ ಬೇಡ. ಅನುಮಾನ ಇದ್ರೆ ಒಣಗಿಸಿದ, ಇನ್ನೂ ಹುರಿಯದ ಬೇರೇ ಮಾರಾಟಕ್ಕೆ ಸಿಗುತ್ತೆ, ಹುರಿಯೋ ಕೆಲಸ ಮಾತ್ರ ನಿಮ್ದು.

ಮೊದಲ ಸಲ ನಾನು ಕಿತ್ತಿದ್ದು ವಸಂತದಲ್ಲಿ, ಹೂವು ಜೋರಾಗಿ ಬಿಟ್ಟಿದ್ದಾಗ, ಯಾಕಂದ್ರೆ ಆಗ್ಲೇ ಗಿಡ ಚೆನ್ನಾಗಿ ಕಣ್ಣಿಗೆ ಬೀಳೋದು. ಬೇರು ತೆಳ್ಳಗೆ, ಜೋಲು ಜೋಲು. ತೊಳೆದು, ಕೈಗೆ ಬಂದ ಹಾಗೆ ಕತ್ತರಿಸಿ, ಹಸೀದನ್ನೇ 200 ಡಿಗ್ರಿ ಓವನ್ನಿಗೆ ತಳ್ಳಿದೆ. 20 ನಿಮಿಷಕ್ಕೆ ಸಣ್ಣ ಚೂರೆಲ್ಲ ಇದ್ದಿಲು, ದಪ್ಪ ಚೂರು ಒಳಗೆ ಬೆಂದು ಚರ್ಮದ ಥರ ಮೆತ್ತಗೆ, ಅವೆರಡನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿದ್ರೆ ಬ್ಲೇಡಿಗೆ ಅಂಟಿಕೊಂಡು ಉಂಡೆ ಆಯ್ತು. ಅದನ್ನೂ ಬಿಡದೆ ಕುದಿಸಿ ಕುಡಿದೆ ಅನ್ನಿ. ಸೀದ ವಾಸನೆ ಮೊದ್ಲು, ಹಿಂದೆನೇ ಮಣ್ಣು, ಕೊನೆಗೆ ಬರೀ ಕಹಿ.

ಆಮೇಲೆ ಗೊತ್ತಾಯ್ತು, ತಪ್ಪು ಒಂದಲ್ಲ ಎರಡು. ಗಿಡ ಬೇಸಿಗೆಯಿಡೀ ತಯಾರಿಸಿದ ಆಹಾರಾನ ಇನ್ಯುಲಿನ್ (ಸಕ್ಕರೆ ಕಣಗಳು ಸರಪಳಿ ಥರ ಸೇರಿದ ಪದಾರ್ಥ) ಅನ್ನೋ ರೂಪದಲ್ಲಿ ಬೇರಲ್ಲಿ ಕೂಡಿಡುತ್ತೆ. ಚಳಿಗಾಲಕ್ಕೆ ಮುಂಚೆ ಅದು ತುಂಬಿರುತ್ತೆ, ಒಣಬೇರಿನ ತೂಕದಲ್ಲಿ 40 ಪರ್ಸೆಂಟ್‌ವರೆಗೂ. ವಸಂತದಲ್ಲಿ ಎಲೆ ಹೂವು ಬಿಡೋಕೆ ಅದನ್ನೇ ಖರ್ಚು ಮಾಡಿರುತ್ತೆ, ಉಳಿಯೋದು ನಾರು ಮತ್ತೆ ಕಹಿ. ಹುರಿದಾಗ ಈ ಇನ್ಯುಲಿನ್ ಒಡೆದು ಒಂದಿಷ್ಟು ಫ್ರಕ್ಟೋಸ್ ಅನ್ನೋ ಸಕ್ಕರೆ ಆಗುತ್ತೆ, ಅದು ಕಂದಾಗಿ ಆ ಕ್ಯಾರಮೆಲ್ ಘಮ ಕೊಡುತ್ತೆ. ಅಂದ್ರೆ ನಾನು ಖಾಲಿ ಗೋದಾಮು ಹುರಿದಿದ್ದೆ. ಎರಡನೇ ತಪ್ಪು ನೀರು. ಬೇರಲ್ಲಿ ಮುಕ್ಕಾಲು ಪಾಲು ನೀರೇ ಇರೋದು, ಆ ನೀರು ಹೋಗೋ ತನಕ ಅದು ಹುರಿಯಲ್ಲ, ಬೇಯುತ್ತೆ.

ಹಾಗಾಗಿ ಎರಡನೇ ಸಲ ಶರತ್ಕಾಲದ ಕೊನೆಗೆ ಕಾದು, ಎರಡು ವರ್ಷ ಹಳೇದು ಅನ್ನಿಸೋ ಗಿಡ ನೋಡಿ, ಮಳೆ ಬಂದ ಮಾರನೇ ದಿನ ಅಗೆದೆ, ಒಣ ನೆಲದಲ್ಲಿ ಎಳೆದ್ರೆ ಬೇರು ಪಟ್ ಅಂತ ಮೇಲ್ಗಡೆನೇ ಕಿತ್ತು ಬರುತ್ತೆ. ತಾಯಿಬೇರು ಒಂದಡಿ ಮೇಲೂ ಇಳಿದಿರುತ್ತೆ, ಪಕ್ಕದಲ್ಲಿ ಗುದ್ದಲಿ ಆಳವಾಗಿ ಇಳಿಸಿ ಮಣ್ಣು ಸಡಿಲ ಮಾಡ್ಕೊಂಡು ಎತ್ತಬೇಕು. ತೊಳೆಯೋದೇ ದೊಡ್ಡ ಶಿಕ್ಷೆ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಸಂದಿ ಸಂದಿ ಉಜ್ಜಿ, ಮೂರು ನೀರು. ಸಿಪ್ಪೆ ತೆಗೀಬೇಡಿ, ಏನೂ ಉಳಿಯಲ್ಲ.

ಕತ್ತರಿಸೋದು ಒಂದೇ ಅಳತೆ ಇರ್ಬೇಕು, ಇದೊಂದರಲ್ಲಿ ನಾನು ಜಿಪುಣಿ ಥರ ಕೂತು ಕತ್ತರಿಸ್ತೀನಿ, ಅರ್ಧ ಸೆಂಟಿಮೀಟರ್ ತುಂಡು, ಚಾಕು ಕಪ್ಪಗಾಗುತ್ತೆ, ಬೆರಳೂ ಕಪ್ಪಗಾಗುತ್ತೆ. ಆಮೇಲೆ ಓವನ್ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಕಮ್ಮಿಲಿಟ್ಟು, ಬಾಗಿಲು ಬೆರಳಷ್ಟು ತೆರೆದು 4-5 ಗಂಟೆ ಒಣಗಿಸೋದು. ಒಳ್ಳೆ ಬಿಸಿಲಿದ್ರೆ ಮೂರ್ನಾಲ್ಕು ದಿನ ಬಿಸಿಲೇ ಸಾಕು. ಬಾಗಿಸಿದ್ರೆ ಬಾಗ್ಬಾರ್ದು, ಪಟಕ್ ಅಂತ ಮುರೀಬೇಕು. ನನ್ನ 1 ಕೆಜಿ ತೊಳೆದ ಬೇರು ಒಣಗಿ 230 ಗ್ರಾಂ ಆಯ್ತು, ತಕ್ಕಡಿ ನೋಡಿ ಅಳು ಬಂತು.

ಹುರಿಯೋದು 150 ಡಿಗ್ರಿಲಿ, ಪ್ರತಿ 8-10 ನಿಮಿಷಕ್ಕೆ ಕೈಯಾಡಿಸ್ತಾ, ಸುಮಾರು 40 ನಿಮಿಷ. ನಿಮಿಷಗಳ ಮೇಲೆ ಜಾಸ್ತಿ ನಂಬಿಕೆ ಇಡ್ಬೇಡಿ. ಕಾಫಿಬೀಜಕ್ಕೆ ಒಂದು ಉಪಕಾರ ಇದೆ, ಹದ ಹತ್ರ ಬಂದಾಗ ಚಟಪಟ ಅಂತ ಸಿಡಿದು ತಾನೇ ಹೇಳುತ್ತೆ. ಬೇರು ಬಾಯಿ ಬಿಡಲ್ಲ, ಮೂಗೇ ಗತಿ. ಮೊದಲು ಒದ್ದೆ ಮಣ್ಣಿನ ವಾಸನೆ, ಆಮೇಲೆ ಬಿಸ್ಕತ್ತು ಬೇಯೋ ಥರದ್ದು, ಆಮೇಲೆ ಒಂದು ಹಂತದಲ್ಲಿ ಅಡುಗೆಮನೆ ಪೂರ್ತಿ ಚಾಕೊಲೇಟು ಅನ್ಸುತ್ತೆ, ಅಲ್ಲಿಂದ ಎರಡು ಮೂರು ನಿಮಿಷದಲ್ಲಿ ಗಂಟಲು ಕೆರೆಯೋ ಹೊಗೆ ಶುರು. ಆ ಚಾಕೊಲೇಟ್ ಘಳಿಗೇಲೇ ಹೊರಗೆ ತೆಗೀರಿ, ಬಿಸಿ ತಟ್ಟೇಲೇ ಬಿಟ್ರೆ ಹುರಿತಾನೇ ಇರುತ್ತೆ, ತಣ್ಣನೆ ತಟ್ಟೆಗೆ ಸುರಿದು ಹರಡಿ. ಒಂದು ತುಂಡು ಮುರಿದು ನೋಡಿ, ಒಳಗೂ ಹೊರಗೂ ಒಂದೇ ಕಂದು ಇರ್ಬೇಕು. ಓವನ್ ಇಲ್ದಿದ್ರೆ ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡೋ ಹಾಗಿಲ್ಲ.

ಇಷ್ಟೆಲ್ಲ ಸರಿ ಮಾಡಿ ಎರಡನೇ ಸಲವೂ ಕೆಡಿಸಿದೆ ನೋಡಿ. ಪೂರ್ತಿ ಆರೋಕೆ ಮುಂಚೆ ಪುಡಿ ಮಾಡಿ ಡಬ್ಬಿಗೆ ತುಂಬಿ ಮುಚ್ಚಳ ಹಾಕ್ದೆ. ಮೂರನೇ ದಿನಕ್ಕೆ ಒಳಗೆ ಕಲ್ಲು. ಹುರಿದ ಬೇರಿನ ಸಕ್ಕರೆ ಗಾಳಿಲಿರೋ ತೇವಾನ ಎಳ್ಕೊಳುತ್ತೆ, ಪುಡಿ ಮಾಡಿದ್ರೆ ಇನ್ನೂ ಬೇಗ. ಚಾಕುವಿನ ತುದೀಲಿ ಕೆತ್ತಿ ಕೆತ್ತಿ ಬಳಸಿದೆ. ಈಗ ತುಂಡುಗಳನ್ನ ಹಾಗೇ ಗಾಜಿನ ಡಬ್ಬಿಲಿಟ್ಟು ನಾಲ್ಕೈದು ದಿನಕ್ಕೆ ಆಗುವಷ್ಟೇ ಪುಡಿ ಮಾಡ್ಕೋತೀನಿ, ಅದೂ ತರಿತರಿಯಾಗಿ. ನುಣ್ಣಗೆ ಮಾಡಿದ್ರೆ ಸೋಸೋವಾಗ ಪೇಪರ್ ಫಿಲ್ಟರ್ ಕಟ್ಕೊಂಡು ಹನಿ ಹನಿ ಇಳಿಯುತ್ತೆ, ಅಷ್ಟೊತ್ತಿಗೆ ತಣ್ಣಗೆ.

ಕುಡಿಯೋಕೆ: 250 ಎಂಎಲ್ ನೀರಿಗೆ ಎರಡು ಟೀ ಚಮಚ, ಬಿಸಿನೀರು ಸುರಿದು ಬಿಟ್ರೆ ಸಾಲಲ್ಲ, ಸಣ್ಣ ಉರೀಲಿ 10 ನಿಮಿಷ ಕುದೀಬೇಕು. ಮುಚ್ಚಿ ಎರಡು ನಿಮಿಷ ಬಿಟ್ಟು, ಸಣ್ಣ ಕಣ್ಣಿನ ಜರಡೀಲಿ ಸೋಸಿ. ಹಾಲು ಹಾಕಿದ್ರೆ ಕಹಿ ಕಮ್ಮಿ ಆಗುತ್ತೆ, ಸಕ್ಕರೆ ನಂಗೆ ಬೇಕಾಗಲ್ಲ, ಬೇರಿಗೇ ಒಂಚೂರು ಸಿಹಿ ಇದೆ. ಚಿಕೋರಿಗಿಂತ ತೆಳು, ಕಹಿ ಗಂಟಲಲ್ಲಿ ಸ್ವಲ್ಪ ಹೊತ್ತು ಉಳಿಯುತ್ತೆ. ಕಾಫಿ ಥರದ ಎಣ್ಣೆ ಅಂಶ ಇಲ್ಲ, ನೊರೆ ಗಿರೆ ನಿರೀಕ್ಷೆ ಮಾಡ್ಬೇಡಿ. ಚರಟನ ಇನ್ನೊಂದು ಸಲ ಕುದಿಸಿ ನೋಡಿದೆ, ಬಣ್ಣ ಬರುತ್ತೆ, ರುಚಿ ಬರಲ್ಲ.

ನಿದ್ದೆ? ಮೊದಲ ವಾರ ತಮಾಷೆ ಆಯ್ತು. ಕೆಫೀನ್ ಇಲ್ವಲ್ಲ ಅಂತ ಧೈರ್ಯವಾಗಿ ಮಲಗೋ ಮುಂಚೆ ದೊಡ್ಡ ಲೋಟ ಕುಡೀತಿದ್ದೆ, ನಿದ್ದೆ ಚೆನ್ನಾಗೇ ಬರ್ತಿತ್ತು, ರಾತ್ರಿ 2ಕ್ಕೆ ಬಾತ್‌ರೂಮಿಗೆ ಓಟ. ಈ ಗಿಡಕ್ಕೆ ಫ್ರೆಂಚಲ್ಲಿ ಇರೋ ಹೆಸರಿನ ಅರ್ಥಾನೇ ಹಾಸಿಗೇಲಿ ಮೂತ್ರ ಮಾಡೋದು ಅಂತ, ಹಳಬರು ಸುಮ್ನೆ ಇಟ್ಟಿಲ್ಲ. ಬೇರಿನ ಗುಣವೋ, ಲೋಟದ ಗಾತ್ರವೋ, ಈಗ 6 ಗಂಟೆಗೆ ಮುಗಿಸ್ತೀನಿ. ಇನ್ನೊಂದು, ಇನ್ಯುಲಿನ್ ನಮ್ಮ ಹೊಟ್ಟೆಲಿ ಜೀರ್ಣ ಆಗಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಮೂರು ಲೋಟ ಕುಡಿದ ದಿನ ಹೊಟ್ಟೆ ಉಬ್ಬರಿಸಿ ಯಾರ ಜೊತೆನೂ ಕೂರೋ ಹಾಗಿರ್ಲಿಲ್ಲ. ಒಂದು ಲೋಟಕ್ಕೆ ಏನೂ ಆಗಲ್ಲ.

ಲಿವರ್ ಕ್ಲೀನ್ ಮಾಡುತ್ತೆ, ವಿಷ ಹೊರಗೆ ಹಾಕುತ್ತೆ ಅಂತೆಲ್ಲ ಹೇಳ್ತಾರಲ್ಲ, ಅದಕ್ಕೋಸ್ಕರ ಕುಡೀಬೇಡಿ. ಪಿತ್ತಕೋಶದಲ್ಲಿ ಕಲ್ಲಿರೋರು, ಮೂತ್ರ ಹೆಚ್ಚಿಸೋ ಮಾತ್ರೆ, ಲಿಥಿಯಂ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಗರ್ಭಿಣಿಯರು ಡಾಕ್ಟರನ್ನ ಕೇಳ್ದೆ ಶುರು ಮಾಡೋದು ಬೇಡ. ಸೇವಂತಿ ಥರದ ಹೂವಿಗೆ ಅಲರ್ಜಿ ಇರೋರಿಗೆ ಇದಕ್ಕೂ ಆಗ್ಬಹುದು, ಒಂದೇ ಕುಟುಂಬ.

ಅಗೆದ ಜಾಗದಲ್ಲಿ ಮುರಿದು ಉಳಿದ ಬೇರಿನ ತುದಿಗಳು ಮತ್ತೆ ಚಿಗುರಿವೆ. ಒಂದು ಗಿಡ ಇದ್ದ ಕಡೆ ಈಗ ಎರಡು ತಲೆ, ಮೂರು ತಲೆ, ಹಾಗಾಗಿ ಬೇರೂ ಕವಲು ಕವಲು, ಸಂದಿಗಳಲ್ಲಿ ಮಣ್ಣು. ಮುಂದಿನ ಸಲಕ್ಕೆ ಟೂತ್‌ಬ್ರಷ್ ಒಂದು ಸಾಲಲ್ಲ.