ದಕ್ಕೆಯಲ್ಲಿ ಬರೆದ ಮೀನಿನ ಲೆಕ್ಕ ಬೇರೆಯವರಿಗೂ ಉಪಯೋಗಕ್ಕೆ ಬರಬೇಕಾದರೆ

ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ (ಬೋಟ್‌ಗಳು ಮೀನು ಇಳಿಸುವ ಜಾಗ) ಬೆಳಿಗ್ಗೆ ಬೆಳಿಗ್ಗೆ ನಿಂತು ಮೀನಿನ ಮಾಹಿತಿ ಬರೆದುಕೊಳ್ಳುವ ವಿದ್ಯಾರ್ಥಿಗಳು ಇರುತ್ತಾರಲ್ವಾ, ಇದು ಅವರಿಗೆ. ಪ್ರಾಜೆಕ್ಟ್ ಮುಗಿದ ಮೇಲೆ ಆ ಶೀಟ್ ಸುಮ್ನೆ ಪೆನ್‌ಡ್ರೈವ್‌ನಲ್ಲಿ ಕೂತಿರುತ್ತದೆ. ಹಂಚಿಕೊಳ್ಳೋದು ಕಷ್ಟ ಅಲ್ಲ. ಶೀಟ್ ಮೊದಲ ದಿನದಿಂದ ಸರಿಯಾಗಿರಬೇಕು, ಅಷ್ಟೇ.

ಮೊದಲು ಹೆಸರು. ಮಂಗಳೂರಿನ ಬೂತಾಯಿ ಕಾರವಾರದ ಕಡೆ ತಾರ್ಲೆ. ಎರಡೂ ಒಂದೇ ಮೀನು, ವೈಜ್ಞಾನಿಕ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಅಂಜಲ್ ಇದಕ್ಕೆ ಉಲ್ಟಾ. ಸ್ಕಾಂಬರೊಮೋರಸ್ ಕಾಮರ್ಸನ್, ಸ್ಕಾಂಬರೊಮೋರಸ್ ಗಟ್ಟೇಟಸ್ ಎರಡನ್ನೂ ಒಂದೇ ಹೆಸರಲ್ಲಿ ಮಾರುತ್ತಾರೆ. ದೊಡ್ಡ ಮೀನಿನ ಮೈಮೇಲೆ ಮೇಲಿಂದ ಕೆಳಗೆ ಸಣ್ಣ ಗೆರೆಗಳಿದ್ದರೆ ಸಾಮಾನ್ಯವಾಗಿ ಮೊದಲನೆಯದು, ಸಾಲಾಗಿ ಚುಕ್ಕೆಗಳಿದ್ದರೆ ಎರಡನೆಯದು. ಏಲಂ ಗಡಿಬಿಡಿಯಲ್ಲಿ ನೋಡೋಕೆ ಆಗಲಿಲ್ವಾ? ಸ್ಕಾಂಬರೊಮೋರಸ್ ಅಂತ ಮಾತ್ರ ಬರೆಯಿರಿ, ಊಹೆ ಬೇಡ. ಆಮೇಲೆ ಹೆಸರಿನ ಪಟ್ಟಿಯನ್ನು ಕಡಲ ಜೀವಿಗಳ ವೈಜ್ಞಾನಿಕ ಹೆಸರುಗಳಿರುವ ವರ್ಮ್ಸ್ ಜಾಲತಾಣದಲ್ಲಿ ಹಾಕಿದರೆ ಸ್ಪೆಲ್ಲಿಂಗ್ ತಪ್ಪು ಗೊತ್ತಾಗುತ್ತದೆ, ಪ್ರತಿ ಜಾತಿಗೆ ಅಫಿಯಾ ಐಡಿ ಅನ್ನುವ ಒಂದು ಗುರುತಿನ ಸಂಖ್ಯೆಯೂ ಸಿಗುತ್ತದೆ. ಊರಿನ ಹೆಸರಿಗೆ ಬೇರೆ ಕಾಲಮ್ ಇರಲಿ, ಅದನ್ನು ಅಳಿಸಬೇಡಿ.

ಜಾಸ್ತಿ ಎಡವಟ್ಟು ಆಗೋದು ಜಾಗದ ವಿಷಯದಲ್ಲಿ. ಮೀನು ಇಳಿದದ್ದು ಮಲ್ಪೆಯಲ್ಲಿ, ಆದರೆ ವಾರಗಟ್ಟಲೆ ಕಡಲಲ್ಲಿದ್ದು ಬಂದ ಟ್ರಾಲ್ ಬೋಟ್ (ಬಲೆ ಎಳೆದುಕೊಂಡು ಹೋಗುವ ಬೋಟ್) ಅದನ್ನು ಗೋವಾದಾಚೆ ಹಿಡಿದಿರಬಹುದು. ಹಾಗಾಗಿ ಇಳಿಸಿದ ಜಾಗ, ಹಿಡಿದ ಜಾಗ ಎರಡು ಕಾಲಮ್. ಬೋಟ್ ನಡೆಸುವ ತಾಂಡೇಲರನ್ನು ಕೇಳಿದರೆ ಆಳ ಎಷ್ಟು ಮಾರು, ಯಾವ ಊರಿನ ನೇರಕ್ಕೆ ಅಂತಾದರೂ ಹೇಳುತ್ತಾರೆ. ಅಷ್ಟು ಸಿಕ್ಕರೂ ಸಾಕು, ಆ ಜಾಗ ಎಷ್ಟು ಮೀಟರ್ ಆಚೀಚೆ ಆಗಬಹುದು ಅಂತ ಪಕ್ಕದಲ್ಲಿ ಬರೆಯಿರಿ. ಇನ್ನು ಅಕ್ಷಾಂಶ. 13 ಡಿಗ್ರಿ 21 ನಿಮಿಷವನ್ನು 13.21 ಅಂತ ಬರೆಯುವವರು ಈಗಲೂ ಇದ್ದಾರೆ! ನಿಮಿಷವನ್ನು 60ರಿಂದ ಭಾಗಿಸಬೇಕು, ಅದು 13.35 ಆಗುತ್ತದೆ. ಇಲ್ಲದಿದ್ದರೆ ನಿಮ್ಮ ಮಲ್ಪೆ ಸುಮಾರು 15 ಕಿಲೋಮೀಟರ್ ತೆಂಕಕ್ಕೆ ಜಾರಿ ಕಾಪುವಿನ ಹತ್ತಿರ ಕೂರುತ್ತದೆ.

ದಿನಾಂಕ 2024-10-05 ಹೀಗೆ ಬರೆಯಿರಿ. 05/10 ಅಂದರೆ ಅಕ್ಟೋಬರಾ ಮೇ ತಿಂಗಳಾ ಅಂತ ಎಕ್ಸೆಲ್ ತಾನೇ ತೀರ್ಮಾನ ಮಾಡಿಬಿಡುತ್ತದೆ.

ಸೊನ್ನೆ ಬೇರೆ, ಖಾಲಿ ಬೇರೆ. ಬೋಟ್ ಹೋಗಿ ಬಂಗುಡೆ ಸಿಗಲಿಲ್ಲ ಅಂದರೆ ಸೊನ್ನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ ಇರುವಾಗ ಟ್ರಾಲ್ ಕಾಲಮ್‌ಗೆ ಸೊನ್ನೆ ತುಂಬಿಸಿದರೆ, ನೋಡಿದವರು ಮೀನೇ ಇಲ್ಲ ಅಂದುಕೊಳ್ಳುತ್ತಾರೆ. ಎಷ್ಟು ಗಂಟೆ ಬಲೆ ಎಳೆದರು ಅನ್ನೋದೂ ಬೇಕು, ಅದಿಲ್ಲದ ಕಿಲೋ ಲೆಕ್ಕದಿಂದ ಮೀನು ಕಡಿಮೆಯಾಯಿತಾ ಇಲ್ಲವಾ ಹೇಳೋಕೆ ಆಗಲ್ಲ.

ಈಗ ಹಂಚುವುದು. ಕಡಲ ಜೀವಿಗಳ ದಾಖಲೆಗೆ ಇಡೀ ಜಗತ್ತಿಗೆ ಇರುವ ಆನ್‌ಲೈನ್ ಭಂಡಾರ ಓಬಿಸ್. ಯುನೆಸ್ಕೋ ಅಡಿಯಲ್ಲಿ ನಡೆಯುತ್ತದೆ. ನಮ್ಮ ದೇಶದ ಕೊಂಡಿ ಇಂಡ್‌ಓಬಿಸ್, ಕೊಚ್ಚಿಯ ಸಿಎಂಎಲ್‌ಆರ್‌ಇ ಅನ್ನುವ ಕಡಲ ಜೀವಿ ಸಂಶೋಧನಾ ಕೇಂದ್ರದಲ್ಲಿದೆ. ಅವರು ಕೇಳುವುದು ಡಾರ್ವಿನ್ ಕೋರ್ ಮಾದರಿ, ಅಂದರೆ ಜೀವಿಗಳ ದಾಖಲೆಗೆ ಕಾಲಮ್ ಹೆಸರುಗಳನ್ನು ಒಂದೇ ಥರ ಇಡುವ ಪದ್ಧತಿ. ಕಡ್ಡಾಯ ಕಾಲಮ್ ಎಂಟೇ: ದಾಖಲೆಯ ಐಡಿ, ದಿನಾಂಕ, ಅಕ್ಷಾಂಶ, ರೇಖಾಂಶ, ವೈಜ್ಞಾನಿಕ ಹೆಸರು, ಅದರ ಐಡಿ, ಇತ್ತೋ ಇಲ್ಲವೋ, ಯಾವ ಬಗೆಯ ದಾಖಲೆ. ಉದ್ದ, ತೂಕ ಬೇರೆ ಟೇಬಲ್‌ನಲ್ಲಿ. ಫೈಲನ್ನು ಎಕ್ಸೆಲ್‌ನ ಸೇವ್ ಆಸ್‌ನಲ್ಲಿ ಯುಟಿಎಫ್-8 ಸಿಎಸ್‌ವಿ ಆಗಿ ಉಳಿಸಿ, ಇಲ್ಲದಿದ್ದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆ ಆಗುತ್ತವೆ.

ಬೋಟ್ ಹೆಸರು, ಫೋನ್ ನಂಬರ್ ತೆಗೆದುಹಾಕಿ. ತಾಂಡೇಲರು ನಂಬಿ ಹೇಳಿದ ಜಾಗವನ್ನೂ ಹಾಗೇ ಹಾಕಬೇಡಿ, ಅದು ಅವರ ಹೊಟ್ಟೆಪಾಡು. ದಶಮಾಂಶ ಒಂದೇ ಸ್ಥಾನಕ್ಕೆ ಇಳಿಸಿದರೆ ಸುಮಾರು 11 ಕಿಲೋಮೀಟರ್ ಚೌಕ ಆಗುತ್ತದೆ, ಸಂಶೋಧನೆಗೂ ಸಾಕು.

ಇಷ್ಟೆಲ್ಲ ಈಗಲೇ ಆಗಲ್ಲ ಅನ್ನಿಸಿದರೆ ಸಂಶೋಧನಾ ಫೈಲ್‌ಗಳನ್ನು ಇಡುವ ಝೆನೋಡೋ ಜಾಲತಾಣದಲ್ಲಿ ಉಚಿತವಾಗಿ ಹಾಕಿ ಡಿಒಐ (ಫೈಲಿನ ಶಾಶ್ವತ ಗುರುತಿನ ಸಂಖ್ಯೆ) ಪಡೆಯಿರಿ. ಸಿಸಿ ಬೈ ಲೈಸೆನ್ಸ್ ಆರಿಸಿದರೆ ಬಳಸಿದವರು ನಿಮ್ಮ ಹೆಸರು ಹೇಳಲೇಬೇಕು. ಆಮೇಲೆ ತಪ್ಪು ಸಿಕ್ಕಿದರೆ ಹಳೆಯದನ್ನು ತೆಗೆಯೋದು ಬೇಡ, ಹೊಸ ಆವೃತ್ತಿ ಸೇರಿಸಿ. ಏನು ತಿದ್ದಿದ್ದು ಅಂತ ಜೊತೆಗಿರುವ ರೀಡ್‌ಮಿ ಫೈಲ್‌ನಲ್ಲಿ ಒಂದು ಸಾಲು ಬರೆದರಾಯಿತು.