ನಟಾಲ್‌ನ ಹಡಗು ಪಟ್ಟಿ ಹಿಡಿದು ಊರು ಹುಡುಕುವುದು

ದಕ್ಷಿಣ ಆಫ್ರಿಕಾದಿಂದ ಬರುವ ವಿಚಾರಣೆಗಳು ಬಹುತೇಕ ಒಂದೇ ಧಾಟಿಯವು: ಮುತ್ತಜ್ಜ ಬೆಂಗಳೂರು ಕಡೆಯವರಂತೆ, ಊರು ಯಾವುದು ಹೇಳಿ. ನಾನು ಊರನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಬೇಕಾದದ್ದು ನಂಬರು.

ಮದ್ರಾಸಿನಿಂದ ಹೊರಟ ‘ಟ್ರೂರೋ’ ಹಡಗು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕರಾರು ಕೂಲಿಗಳಾಗಿ ಡರ್ಬನ್ ಇರುವ ನಟಾಲ್‌ಗೆ ಹೋದರು. ಅವರ ಹೆಸರು ಬರೆದಿಟ್ಟ ಹಡಗು ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದು ಕಲೋನಿಯಲ್ (ವಸಾಹತಿನ) ನಂಬರು. ಅಲ್ಲಿ ಮುನಿಸಾಮಿಗಳಿಗೆ ಲೆಕ್ಕವಿಲ್ಲ, ಆದರೆ ಒಂದು ನಂಬರಿಗೆ ಒಬ್ಬನೇ ಮುನಿಸಾಮಿ. ಈ ನಂಬರನ್ನು ಮಕ್ಕಳ ಜನನ ದಾಖಲೆ, ಮದುವೆ ನೋಂದಣಿ, ಮರಣ ದಾಖಲೆಗಳಲ್ಲಿ ನೋಡಬೇಕು. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ನಟಾಲ್‌ನ ಹಳೆಯ ನೋಂದಣಿ ಪುಸ್ತಕಗಳ ಚಿತ್ರಗಳಿವೆ, ಖರ್ಚಿಲ್ಲ. ತಂದೆಯ ನಂಬರು, ತಾಯಿಯ ನಂಬರು ಬೇರೆ ಬೇರೆಯಾಗಿ ಗುರುತು ಮಾಡಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಮದುವೆಯಾದವರು ಬೇಕಾದಷ್ಟು ಜನ. ಗಂಡ ಹೆಂಡತಿ ಒಂದೇ ಹಡಗಿನಲ್ಲಿ ಬಂದಿರಬೇಕೆಂದಿಲ್ಲ.

ನಂಬರು ಸಿಗದಿದ್ದರೆ ಮಾಲೀಕನ ಹೆಸರು ಹಿಡಿಯುತ್ತೇನೆ. ಮೊದಲ ಮಗುವಿನ ಜನನ ದಾಖಲೆಯಲ್ಲಿ ಕಬ್ಬಿನ ಎಸ್ಟೇಟಿನ ಹೆಸರಿರುತ್ತದೆ, ಹಡಗು ಪಟ್ಟಿಯಲ್ಲಿ ಆಳು ಯಾರ ಪಾಲಿಗೆ ಹೋದ ಎಂಬ ಕಾಲಮ್ಮಿದೆ. ಎರಡನ್ನೂ ತಾಳೆ ಹಾಕಿದರೆ ನೂರು ಹೆಸರು ನಾಲ್ಕೈದಕ್ಕೆ ಇಳಿಯುತ್ತದೆ. ಇನ್ನೊಂದು ಜರಡಿ ಕಾಲದ್ದು: 1866ರಿಂದ 1874ರವರೆಗೆ ನಟಾಲ್‌ಗೆ ಆಳು ಸಾಗಿಸುವುದು ನಿಂತಿತ್ತು. ‘1870ರಲ್ಲಿ ಬಂದರಂತೆ’ ಎನ್ನುವ ಮನೆಮಾತನ್ನು ಅಲ್ಲಿಗೇ ಬದಿಗಿಡಬಹುದು. ಸ್ವಂತ ಖರ್ಚಿನಲ್ಲಿ ಹೋದ ವ್ಯಾಪಾರಿಗಳು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಅವರಿಗೆ ನಂಬರೂ ಇಲ್ಲ.

ಹಡಗು ಪಟ್ಟಿಗಳ ಮೂಲ ಪ್ರತಿ ಡರ್ಬನ್ ಪತ್ರಾಗಾರದಲ್ಲಿದೆ. ನಕಲು ಮಾಡಿದ ಪಟ್ಟಿಗಳು ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ದಾಖಲೆ ಕೇಂದ್ರದ ಮೂಲಕ ಸಿಗುತ್ತವೆ. ಒಂದು ಸಾಲಿನಲ್ಲಿ ನಂಬರು, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಜಿಲ್ಲೆ, ತಾಲ್ಲೂಕು, ಊರು, ಮೈಮೇಲಿನ ಗುರುತು ಬರುತ್ತವೆ. ವಯಸ್ಸು ಅಂದಾಜಿನದು, ಐದು ವರ್ಷ ಆಚೀಚೆ ಇಟ್ಟುಕೊಳ್ಳಿ. ಜಾತಿಯ ಕಾಲಮ್ಮನ್ನು ನಾನು ಕೊನೆಗೆ ನೋಡುತ್ತೇನೆ. ಹಳೆಯ ಪಟ್ಟಿಗಳಲ್ಲಿ ತಮಿಳರಿಗೆ ‘ಮಲಬಾರ್’, ತೆಲುಗರಿಗೆ ‘ಜೆಂಟೂ’ ಎಂದು ಬರೆದು ಮುಗಿಸಿದ ಗುಮಾಸ್ತರಿದ್ದಾರೆ, ಕನ್ನಡದವನು ಇವೆರಡರಲ್ಲಿ ಎಲ್ಲಿ ಸೇರಿಕೊಂಡನೋ! ಎತ್ತರ ಮತ್ತು ಗಾಯದ ಗುರುತು ಮಾತ್ರ ಕಣ್ಣಾರೆ ನೋಡಿ ಬರೆದವು. ಅಕ್ಕಪಕ್ಕದ ಇಪ್ಪತ್ತು ನಂಬರುಗಳನ್ನೂ ಓದಿ. ಒಂದೇ ಊರಿನವರು ಜೊತೆಯಲ್ಲಿ ನೋಂದಾಯಿಸಿಕೊಂಡಿದ್ದರೆ ಇವನ ಸಾಲಿನಲ್ಲಿ ಕಾಗುಣಿತ ಕೆಟ್ಟ ಊರಿನ ಹೆಸರು ಪಕ್ಕದವನ ಸಾಲಿನಲ್ಲಿ ಸರಿಯಾಗಿರುತ್ತದೆ.

ಊರಿನ ಹೆಸರು ಓದುವಾಗ ಬರೆದವನ ಕಿವಿ ತಮಿಳು ಅಥವಾ ಇಂಗ್ಲಿಷ್ ಎಂದು ನೆನಪಿಡಿ. ಹಕಾರ ಹಾರಿಹೋಗುತ್ತದೆ, ಹಳ್ಳಿ ಪಲ್ಲಿಯಾಗುತ್ತದೆ, ಗಕಾರ ಕಕಾರ ಅದಲುಬದಲು. ‘ಓಸಪುಲ್ಲಿ’ ಎಂದು ಕಂಡರೆ ಹೊಸಹಳ್ಳಿ ಇರಬಹುದು. ಅದಕ್ಕೆ ತಾಲ್ಲೂಕಿಲ್ಲದಿದ್ದರೆ ಅಲ್ಲಿಗೇ ಕೈಬಿಡುವುದು ವಾಸಿ, ಹೊಸಹಳ್ಳಿ ಇಲ್ಲದ ತಾಲ್ಲೂಕು ಯಾವುದಿದೆ? ತಾಲ್ಲೂಕಿನ ಹೆಸರೂ ಬದಲಾಗಿವೆ: ಬೌರಿಂಗ್‌ಪೇಟೆ ಈಗ ಬಂಗಾರಪೇಟೆ, ಕ್ಲೋಸ್‌ಪೇಟೆ ರಾಮನಗರ, ಎಡತೊರೆ ಕೃಷ್ಣರಾಜನಗರ, ಅತ್ತಿಕುಪ್ಪೆ ಕೃಷ್ಣರಾಜಪೇಟೆ. ಜಿಲ್ಲೆಯದು ಇನ್ನೂ ತೊಡಕು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರಿನದು. ಕನ್ನಡದ ಮನೆಗಳಿರುವ ಹೊಸೂರು ಆಗ ಸೇಲಂ ಜಿಲ್ಲೆಯಲ್ಲಿತ್ತು. ಹಾಗಾಗಿ ‘ಸೇಲಂ’ ಎಂದಾಕ್ಷಣ ತಮಿಳು ಮನೆತನ ಎಂದು ತೀರ್ಮಾನಿಸಬೇಡಿ. ‘ಮೈಸೂರು’ ಎಂದಿದ್ದರೆ ಪಟ್ಟಣವೋ ಜಿಲ್ಲೆಯೋ ಸಂಸ್ಥಾನವೋ, ತಾಲ್ಲೂಕು ನೋಡದೆ ಹೇಳಲಾಗದು.

ಈಗ ಜನಗಣತಿ. ಇಂಗ್ಲೆಂಡ್, ಅಮೆರಿಕದ ಗಣತಿಯಲ್ಲಿ ಮನೆಮಂದಿಯ ಹೆಸರೆಲ್ಲ ಸಿಗುವುದನ್ನು ಕಂಡವರು ನಮ್ಮಲ್ಲೂ 1871, 1881ರ ಹಾಳೆ ಕೇಳುತ್ತಾರೆ. ನಮ್ಮ ಮನೆವಾರು ನಮೂನೆಗಳನ್ನು ಉಳಿಸಲಿಲ್ಲ, ಉಳಿದದ್ದು ಮುದ್ರಿತ ಕೋಷ್ಟಕ. ಅದರ ಉಪಯೋಗ ಬೇರೆ. ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ತಾಲ್ಲೂಕುವಾರು ಪ್ರತಿ ಗ್ರಾಮದ ಹೆಸರಿದೆ. 1951, 1961ರವು ನನ್ನ ಮೇಜಿನ ಮೇಲೇ ಇರುತ್ತವೆ. ಕೆಟ್ಟ ಕಾಗುಣಿತದ ಹೆಸರನ್ನು ಜೋರಾಗಿ ಓದುತ್ತಾ ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯುವುದೇ ಕೆಲಸ.

ಕೈಪಿಡಿಯಲ್ಲೂ ಕಾಣದಿದ್ದರೆ ಎರಡು ಸಾಧ್ಯತೆ. ಅದು ಮಜರೆ ಗ್ರಾಮವಾಗಿದ್ದು ದೊಡ್ಡ ಊರಿನ ಲೆಕ್ಕಕ್ಕೆ ಸೇರಿರಬಹುದು. ಇಲ್ಲವೇ ಬೇಚರಾಕ್ ಆಗಿರಬಹುದು, ಅಂದರೆ ಸರ್ವೆ ನಂಬರುಗಳಿವೆ, ಮನೆಗಳಿಲ್ಲ. 1876–78ರ ಬರ ದಾಟಿದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಸುಮಾರು 50 ಲಕ್ಷದಿಂದ 1881ಕ್ಕೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಬೇಚರಾಕ್ ಊರುಗಳ ಹೆಸರು ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಈಗಲೂ ಇದೆ, ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿದರೆ ತೋರಿಸುತ್ತಾರೆ.

ಊರು ಸಿಕ್ಕಿದ ಮೇಲೆ ಪಹಣಿಯಲ್ಲಿ ಹೆಸರು ಹುಡುಕಲು ಹೋಗಬೇಡಿ. ಕೂಲಿಗೆ ಹೋದವನ ಹೆಸರಿನಲ್ಲಿ ಜಮೀನಿದ್ದದ್ದು ಅಪರೂಪ. ಒಕ್ಕಲಿಗ, ಕುರುಬ, ಲಿಂಗಾಯತ ಮನೆಗಳಾದರೆ ಹೆಳವರನ್ನು, ಅಂದರೆ ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರಿಗೆ ಬಂದು ಓದಿ ಹೇಳುವವರನ್ನು, ಹಿಡಿಯಿರಿ. ಯಾವ ಹೆಳವರ ಮನೆ ಆ ಊರಿಗೆ ಬರುತ್ತದೆ ಎಂಬುದು ಊರ ಹಿರಿಯರಿಗೆ ಗೊತ್ತಿರುತ್ತದೆ. ಬರುವುದು ಸುಗ್ಗಿ ಮುಗಿದ ಮೇಲೆ. ಅವರ ಮುಂದೆ, ಹಡಗು ಹತ್ತಿ ಹೋದವನ ಹೆಸರನ್ನು ಮೊದಲೇ ಹೇಳಿಬಿಟ್ಟರೆ ‘ಹೌದು ಹೌದು’ ಎನ್ನುವ ಉತ್ತರ ಬಂದೀತು. ತಂದೆಯ ಹೆಸರೊಂದನ್ನೇ ಹೇಳಿ, ಅವನ ಗಂಡುಮಕ್ಕಳನ್ನು ಓದಲು ಬಿಡಿ. ಪಟ್ಟಿಯ ಹೆಸರು ತಾನಾಗಿ ಬಂದು, ಅಲ್ಲಿಂದ ಮುಂದೆ ಆ ಕವಲು ಬೆಳೆಯದಿದ್ದರೆ, ನಾನು ಅದನ್ನು ಬರೆದುಕೊಳ್ಳುತ್ತೇನೆ.