ಅಧ್ಯಕ್ಷೆ ಆದೆ, ಮುಂದೆ?

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗೆ ನಿಂತಾಗ ನನ್ನ ಗುರುತು ಹೊಲಿಗೆ ಯಂತ್ರ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರು ಯಾವ ಪಕ್ಷ ಅಂತ ಊರ ನಾಯಿಗೂ ಗೊತ್ತು. 11 ಓಟಿನಲ್ಲಿ ಗೆದ್ದೆ. ಆ 11 ಓಟು ಯಾವ ಮನೆಗಳದ್ದು ಅಂತ ಇವತ್ತಿಗೂ ಹೇಳಬಲ್ಲೆ.

ಮೀಸಲಾತಿಯಲ್ಲಿ ಅಧ್ಯಕ್ಷ ಸ್ಥಾನ ಸಾಮಾನ್ಯ ವರ್ಗದ ಮಹಿಳೆಗೆ ಬಂತು, ನಾನೇ ಆದೆ. ಮೊದಲ ದಿನ ಹೋದರೆ ನನ್ನ ಕುರ್ಚಿ ಪಕ್ಕ ಇನ್ನೊಂದು ಕುರ್ಚಿ. 'ಯಜಮಾನ್ರಿಗೆ' ಅಂದರು. ತೆಗೆಸಿದೆ. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ, ಅದು ಬೇರೆ ಕಥೆ.

ನಾವು ಹಾಸನದ ಕಡೆಯವರು. ಇಲ್ಲಿ ಮೆಂಬರ್ ಆದವರಿಗೆಲ್ಲ ದೇವೇಗೌಡರ ಕಥೆ ಹೇಳುತ್ತಾರೆ. ಹೊಳೆನರಸೀಪುರದ ಸಹಕಾರ ಸಂಘ, ಆಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿ, 1962ರಲ್ಲಿ ಪಕ್ಷೇತರ ಶಾಸಕ, 1994ರಲ್ಲಿ ಮುಖ್ಯಮಂತ್ರಿ. ಯಡಿಯೂರಪ್ಪನವರು ಶಿಕಾರಿಪುರ ಪುರಸಭೆಯಿಂದ, ಸಿದ್ದರಾಮಯ್ಯನವರು ಮೈಸೂರು ತಾಲ್ಲೂಕು ಬೋರ್ಡಿನಿಂದ ಬಂದವರು. ಕೇಳೋಕೆ ಚೆನ್ನಾಗಿರುತ್ತೆ. ಶಾಸಕರಾಗಿ ಮುಖ್ಯಮಂತ್ರಿ ಆಗುವ ಹೊತ್ತಿಗೆ ಗೌಡರಿಗೆ 32 ವರ್ಷ ಹಿಡಿಯಿತು ಅನ್ನೋದನ್ನು ಮಾತ್ರ ಯಾರೂ ಎಣಿಸಿ ಹೇಳುವುದಿಲ್ಲ.

ನನ್ನ ಪಾಲಿಗೆ ಬಂದದ್ದು ನೀರಿನ ಕೆಲಸ. ಬೆಳಗ್ಗೆ ಆರಕ್ಕೇ ನೀರುಗಂಟಿ ಫೋನು, 'ಅಕ್ಕಾ, ಮೋಟರ್ ಸುಟ್ಟೋಯ್ತು.' ದುಡ್ಡು ಬಿಡುಗಡೆಗೆ ನನ್ನ ಡಿಜಿಟಲ್ ಸಹಿಯ ಡೋಂಗಲ್ ಒಂದೇ ಸಾಲದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರದ್ದೂ ಬೇಕು. ಅವರು ತಾಲ್ಲೂಕಿನಲ್ಲಿ ಮೀಟಿಂಗ್‌ನಲ್ಲಿರುತ್ತಾರೆ. ಅಂಗಡಿಯವರಿಗೆ ಸಾಲ ಹೇಳಿ ಬೋರ್‌ವೆಲ್‌ನಿಂದ ಮೋಟರ್ ಎತ್ತಿಸುತ್ತಿದ್ದೆ. ಎತ್ತುವಾಗ ಅಲ್ಲೇ ನಿಂತಿರಬೇಕು, ಇದು ನಾನು ಕಂಡುಕೊಂಡ ಉಪಾಯ. ಪೈಪು ಒಂದೊಂದೇ ಬಿಚ್ಚಿ ಮೇಲೆ ತರುವಷ್ಟರಲ್ಲಿ ಮಧ್ಯಾಹ್ನ. ಕೊಡ ಹಿಡಿದು ಬಂದ ಹೆಂಗಸರು ಕಾಯುತ್ತಾ ಮಾತಿಗೆ ಇಳಿಯುತ್ತಾರೆ. ಯಾರ ಪಿಂಚಣಿ ನಿಂತಿದೆ, ಯಾರಿಗೆ ಜಾಬ್ ಕಾರ್ಡ್ ಆಗಿಲ್ಲ, ಎಲ್ಲಾ ಹೊರಗೆ ಬರುತ್ತೆ. ಗ್ರಾಮಸಭೆಯಲ್ಲಿ ಬಾಯೇ ಬಿಡದವರು ಇವರೇ! ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಲಸ ಆದದ್ದಕ್ಕೆ ಗೆರೆ ಹೊಡೆಯುತ್ತಿದ್ದೆ. ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿದ ಮಂತ್ರಿ ನಜೀರ್ ಸಾಬರನ್ನು ಜನ 'ನೀರ್ ಸಾಬ್' ಅಂತ ಕರೆದದ್ದು ಸುಮ್ನೆ ಅಲ್ಲ.

ಅಧ್ಯಕ್ಷ ಅವಧಿಯ 30 ತಿಂಗಳು ಮುಗಿಯಿತು. ಮುಂದೆ ತಾಲ್ಲೂಕು ಪಂಚಾಯಿತಿ ಅಂದುಕೊಂಡಿದ್ದೆ. ಅಲ್ಲಿನ ಅವಧಿ 2021ರಲ್ಲೇ ಮುಗಿದಿತ್ತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಗೌಡರು ಹತ್ತಿದ ಮೆಟ್ಟಿಲಿನ ಮೇಲೆ ಈಗ ಆಡಳಿತಾಧಿಕಾರಿ ಕೂತಿದ್ದರು. ಆದರೂ ಟಿಕೆಟ್ ಕೇಳಲು ಪಕ್ಷದ ಆಫೀಸಿಗೆ ಹೋದೆ. 'ಎಲೆಕ್ಷನ್ನೇ ಇಲ್ಲ, ಟಿಕೆಟ್ ಎಲ್ಲಿಂದ ಕೊಡೋಣಮ್ಮಾ?' ಅಂದು ಟೀ ಕುಡಿಸಿ ಕಳಿಸಿದರು. ಸರಿಯಾಗೇ ಕೇಳಿದರು, ಅಲ್ವಾ? ನೇರ ಎಮ್ಮೆಲ್ಲೆಗೆ ನಿಲ್ಲೋಣ ಅಂದರೆ ದುಡ್ಡಿರಬೇಕು, ಇಲ್ಲ ಅಪ್ಪ ಎಮ್ಮೆಲ್ಲೆ ಆಗಿರಬೇಕು. ನಮ್ಮಪ್ಪ ರಾಗಿ ಬೆಳೆದವರು.

ನೋಟ್‌ಬುಕ್ ಎರಡನೆಯದು ನಡೀತಿದೆ. ಮೋಟರ್ ಸುಟ್ಟರೆ ನೀರುಗಂಟಿ ಈಗಲೂ ಮೊದಲು ನನಗೇ ಫೋನ್ ಮಾಡುತ್ತಾನೆ. ನನ್ನ ನಂತರ ಬಂದ ಅಧ್ಯಕ್ಷರಿಗೆ ಅದೇ ಸಿಟ್ಟು.